ಪೀಟ್ ಹೊಗೆಯ ಎಳೆಯ ಸಿಂಗಲ್ ಮಾಲ್ಟ್ ವಿಸ್ಕಿಯ ರುಚಿಪರೀಕ್ಷೆ

ಪೀಟ್ ಹೊಗೆಯ ಎಳೆಯ ಸಿಂಗಲ್ ಮಾಲ್ಟ್ ವಿಸ್ಕಿಯ ರುಚಿಪರೀಕ್ಷೆ ಎಂದರೆ, ಪೀಟ್ ಹೊಗೆಯಲ್ಲಿ ಒಣಗಿಸಿದ ಮೊಳಕೆ ಬಾರ್ಲಿಯಿಂದ ತಯಾರಾಗಿ ಓಕ್ ಮರದ ಪೀಪಾಯಿಯಲ್ಲಿ ಕೆಲವೇ ವರ್ಷ ಮಾಗಿದ ವಿಸ್ಕಿಯ ಬಣ್ಣ, ಪರಿಮಳ, ರುಚಿ ಮತ್ತು ಉಳಿರುಚಿಗಳನ್ನು ಕ್ರಮವಾಗಿ ಗಮನಿಸಿ ಅದರ ಗುಣಮಟ್ಟವನ್ನು ನಿರ್ಣಯಿಸುವ ವಿಧಾನ. ಈ ಬಗೆಯ ವಿಸ್ಕಿಯಲ್ಲಿ ಹೊಗೆಯ ಗುಣ ಅತ್ಯಂತ ಪ್ರಬಲವಾಗಿರುತ್ತದೆ. ಆ ಹೊಗೆಯ ಮರೆಯಲ್ಲಿ ಮದ್ಯದ ಎಳಸುತನವೂ ಪೀಪಾಯಿಯ ದೋಷಗಳೂ ಅಡಗಿರಬಹುದಾದ್ದರಿಂದ ಇದರ ಮೌಲ್ಯಮಾಪನಕ್ಕೆ ವಿಶೇಷ ಎಚ್ಚರ ಬೇಕಾಗುತ್ತದೆ.

ಕರ್ನಾಟಕದ ಸಂದರ್ಭದಲ್ಲಿ ಈ ವಿಷಯಕ್ಕೆ ಇನ್ನೊಂದು ಮಹತ್ವವಿದೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಸಂಸ್ಥೆ ತಯಾರಿಸುವ ಪೀಟ್ ವಿಸ್ಕಿಗಳು ಸ್ಕಾಟ್ಲೆಂಡಿಗಿಂತ ಬೆಚ್ಚಗಿನ ಹವೆಯಲ್ಲಿ ಮಾಗುತ್ತವೆ. ಅಲ್ಲಿನ ಅಳತೆಗೋಲಿನಿಂದ ನೋಡಿದರೆ ಇವೆಲ್ಲ ಎಳೆಯವು. ಆದರೆ ವರ್ಷಗಳ ಎಣಿಕೆಯೊಂದರಿಂದಲೇ ಇವುಗಳ ಪಕ್ವತೆಯನ್ನು ಅಳೆಯಲಾಗದು ಎಂಬುದು ಕಳೆದ ಎರಡು ದಶಕಗಳಲ್ಲಿ ಅಂತಾರಾಷ್ಟ್ರೀಯ ವಿಮರ್ಶಕರ ಗಮನಕ್ಕೂ ಬಂದಿದೆ.

ಪದಗಳ ವಿವರಣೆ

ಸಿಂಗಲ್ ಮಾಲ್ಟ್: ಒಂದೇ ಭಟ್ಟಿಯಲ್ಲಿ, ಕೇವಲ ಮೊಳಕೆ ಬರಿಸಿದ ಬಾರ್ಲಿಯಿಂದ, ತಾಮ್ರದ ಹಂಡೆಯಂಥ ಪಾಟ್ ಸ್ಟಿಲ್‌ನಲ್ಲಿ ಬಟ್ಟಿ ಇಳಿಸಿದ ವಿಸ್ಕಿ. ‘ಸಿಂಗಲ್’ ಎಂಬ ಪದ ಒಂದೇ ಪೀಪಾಯಿಯನ್ನಾಗಲಿ ಒಂದೇ ವರ್ಷದ ತಯಾರಿಕೆಯನ್ನಾಗಲಿ ಸೂಚಿಸುವುದಿಲ್ಲ. ಅದು ಸೂಚಿಸುವುದು ಭಟ್ಟಿಯನ್ನು ಮಾತ್ರ. ಭಾರತದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಮದ್ಯಪಾನೀಯಗಳ ಬಗ್ಗೆ 2018ರಲ್ಲಿ ಹೊರಡಿಸಿದ ನಿಯಮಗಳಲ್ಲಿಯೂ ಸಿಂಗಲ್ ಮಾಲ್ಟ್‌ಗೆ ಇದೇ ಅರ್ಥವನ್ನು ನೀಡಲಾಗಿದೆ.

ಪೀಟ್: ಜೌಗು ನೆಲದಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡಗಳು ಸಾವಿರಾರು ವರ್ಷ ಅರೆಬರೆ ಕೊಳೆತು ಪದರಪದರವಾಗಿ ಶೇಖರಗೊಂಡ ಸಸ್ಯಶೇಷ. ಇದನ್ನು ಇಟ್ಟಿಗೆಯಾಕಾರದಲ್ಲಿ ಕಡಿದು ಒಣಗಿಸಿ ಉರುವಲಾಗಿ ಬಳಸುತ್ತಾರೆ. ಮರ ಮತ್ತು ಕಲ್ಲಿದ್ದಲು ವಿರಳವಾಗಿದ್ದ ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಮೊಳಕೆ ಬಾರ್ಲಿಯನ್ನು ಒಣಗಿಸಲು ಇದೇ ಉರುವಲಾಗಿತ್ತು. ಅನಿವಾರ್ಯತೆಯಿಂದ ಹುಟ್ಟಿದ ಆ ಹೊಗೆಯ ವಾಸನೆಯೇ ಮುಂದೆ ಐಲಾ ದ್ವೀಪದ ವಿಸ್ಕಿಗಳ ಗುರುತಾಯಿತು.

ಎಳೆಯ ವಿಸ್ಕಿ: ಇದಕ್ಕೆ ಕಾನೂನಿನ ವ್ಯಾಖ್ಯೆಯಿಲ್ಲ. ಸ್ಕಾಚ್ ವಿಸ್ಕಿಯು 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿರಬೇಕು ಮತ್ತು ಅದರಲ್ಲಿ ಕನಿಷ್ಠ ಶೇ. 40ರಷ್ಟು ಮದ್ಯಸಾರವಿರಬೇಕು. ಈ ಕನಿಷ್ಠ ಮಿತಿಯನ್ನು ದಾಟಿ, ಹತ್ತು ವರ್ಷಗಳೊಳಗೆ ಬಾಟಲಿಗೆ ಬಂದ ವಿಸ್ಕಿಯನ್ನು ರೂಢಿಯಲ್ಲಿ ಎಳೆಯದೆಂದು ಕರೆಯುತ್ತಾರೆ.

ಹೊಗೆಯ ಮೂಲ ಮತ್ತು ಅಳತೆ

ನೆನೆಸಿ ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸುವಾಗ ಅದರ ಕೆಳಗೆ ಪೀಟ್ ಉರಿಸಿದರೆ, ಹೊಗೆಯಲ್ಲಿರುವ ಫಿನಾಲ್ ಗುಂಪಿನ ರಾಸಾಯನಿಕಗಳು ಹಸಿ ಕಾಳಿನ ಹೊಟ್ಟಿಗೆ ಅಂಟಿಕೊಳ್ಳುತ್ತವೆ. ಕಾಳು ಒಣಗಿದ ಮೇಲೆ ಹೊಗೆ ಅಷ್ಟಾಗಿ ಹಿಡಿಯುವುದಿಲ್ಲ. ಈ ಗುಂಪಿನ ಮುಖ್ಯ ಸದಸ್ಯರೆಂದರೆ ಫಿನಾಲ್, ಕ್ರೆಸಾಲ್‌ಗಳು, ಗ್ವಾಯಕಾಲ್ ಮತ್ತು ಈಥೈಲ್ ಫಿನಾಲ್‌ಗಳು. ಕ್ರೆಸಾಲ್‌ಗಳು ಡಾಂಬರು ಮತ್ತು ಆಸ್ಪತ್ರೆಯ ಕ್ರಿಮಿನಾಶಕದ ವಾಸನೆಯನ್ನು ಕೊಟ್ಟರೆ, ಗ್ವಾಯಕಾಲ್ ಸೌದೆ ಹೊಗೆಯ ವಾಸನೆಯನ್ನು ಕೊಡುತ್ತದೆ.

ಹೊಗೆಯ ಪ್ರಮಾಣವನ್ನು ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ, ಅಂದರೆ ಪಿಪಿಎಂನಲ್ಲಿ ಹೇಳುತ್ತಾರೆ. ಐಲಾ ದ್ವೀಪದ ಲಗಾವುಲಿನ್ ಸುಮಾರು 35, ಆರ್ಡ್‌ಬೆಗ್ ಸುಮಾರು 55 ಪಿಪಿಎಂ ಮಾಲ್ಟ್ ಬಳಸುತ್ತವೆ. ಬ್ರುಯಿಕ್‌ಲ್ಯಾಡಿ ಭಟ್ಟಿಯ ಆಕ್ಟೊಮೋರ್ ಸರಣಿಯಲ್ಲಿ ಈ ಸಂಖ್ಯೆ ನೂರನ್ನು ಮೀರುತ್ತದೆ. ಆದರೆ ಇದು ಒಣಗಿದ ಮಾಲ್ಟ್‌ನಲ್ಲಿರುವ ಪ್ರಮಾಣವೇ ಹೊರತು ಲೋಟದಲ್ಲಿರುವ ವಿಸ್ಕಿಯದಲ್ಲ. ಕಾಳನ್ನು ಪುಡಿಮಾಡಿ, ಬಿಸಿನೀರಿನಲ್ಲಿ ಕಲಸಿ, ಹುದುಗಿಸಿ, ಬಟ್ಟಿ ಇಳಿಸುವಷ್ಟರಲ್ಲಿ ಅದರ ಬಹುಭಾಗ ಹಿಂದೆಯೇ ಉಳಿದುಬಿಡುತ್ತದೆ.

ಬಟ್ಟಿ ಇಳಿಸುವಾಗ ಮೊದಲು ಬರುವ ಭಾಗವನ್ನೂ ಕೊನೆಗೆ ಬರುವ ಭಾಗವನ್ನೂ ಬೇರ್ಪಡಿಸಿ ನಡುವಿನದನ್ನು ಮಾತ್ರ ಪೀಪಾಯಿಗೆ ತುಂಬುತ್ತಾರೆ. ಫಿನಾಲ್‌ಗಳು ಹೆಚ್ಚಾಗಿ ಬರುವುದು ಬಟ್ಟಿಯ ಉತ್ತರಾರ್ಧದಲ್ಲಿ. ಆದ್ದರಿಂದ ಹೊಗೆ ಬೇಕೆಂಬ ಭಟ್ಟಿಗಾರ ತಡವಾಗಿ ಕಡಿತ ಮಾಡಬೇಕಾಗುತ್ತದೆ. ಹಾಗೆ ತಡಮಾಡಿದಷ್ಟೂ ಬೆವರು, ಹಳೆಯ ಚರ್ಮ, ಜಿಡ್ಡುಗಳನ್ನು ನೆನಪಿಸುವ ಭಾರವಾದ ವಾಸನೆಗಳೂ ಒಳಸೇರುತ್ತವೆ. ಒಂದೇ ಪಿಪಿಎಂ ಮಾಲ್ಟ್ ಬಳಸಿದ ಎರಡು ಭಟ್ಟಿಗಳ ವಿಸ್ಕಿ ಬೇರೆಬೇರೆಯಾಗಿರಲು ಇದು ಒಂದು ಮುಖ್ಯ ಕಾರಣ.

ಮಾಗುವಿಕೆ

ಪೀಪಾಯಿಯೊಳಗೆ ಮೂರು ಬಗೆಯ ಕೆಲಸಗಳು ಏಕಕಾಲದಲ್ಲಿ ನಡೆಯುತ್ತವೆ.

ಕಳೆಯುವ ಕೆಲಸ: ಪೀಪಾಯಿಯ ಒಳಮೈಯನ್ನು ಸುಟ್ಟಾಗ ಉಂಟಾದ ಇದ್ದಿಲಿನ ಪದರ ಹೊಸ ಮದ್ಯದ ಗಂಧಕದ ವಾಸನೆಯನ್ನು ಹೀರಿಕೊಳ್ಳುತ್ತದೆ.

ಕೂಡಿಸುವ ಕೆಲಸ: ಓಕ್ ಮರದಿಂದ ವೆನಿಲ್ಲಾ, ತೆಂಗಿನಕಾಯಿ ಮತ್ತು ಲವಂಗದ ಪರಿಮಳಗಳೂ, ಬಣ್ಣ ಮತ್ತು ಒಗರೂ ಮದ್ಯಕ್ಕೆ ಇಳಿಯುತ್ತವೆ.

ಬದಲಾಯಿಸುವ ಕೆಲಸ: ಮರದ ಸೂಕ್ಷ್ಮರಂಧ್ರಗಳ ಮೂಲಕ ಒಳಬರುವ ಗಾಳಿಯಿಂದ ಮದ್ಯ ನಿಧಾನವಾಗಿ ಉತ್ಕರ್ಷಣಗೊಂಡು, ಮದ್ಯಸಾರ ಮತ್ತು ಆಮ್ಲಗಳು ಸೇರಿ ಹಣ್ಣಿನ ಪರಿಮಳದ ಎಸ್ಟರ್‌ಗಳಾಗುತ್ತವೆ.

ಕಾಲ ಕಳೆದಂತೆ ಹೊಗೆಯ ತೀಕ್ಷ್ಣತೆ ಕುಗ್ಗುತ್ತದೆ. ದಶಕಗಳ ಕಾಲ ಮಾಗಿದ ಪೀಟ್ ವಿಸ್ಕಿಯಲ್ಲಿ ಹೊಗೆ ಹಣ್ಣು, ಮರ, ಜೇನುಮೇಣಗಳೊಂದಿಗೆ ಬೆರೆತು ಹಿನ್ನೆಲೆಗೆ ಸರಿದಿರುತ್ತದೆ. ಹೀಗಾಗಿ ಪೀಟ್ ವಿಸ್ಕಿಯ ಮಟ್ಟಿಗೆ ಎಳೆತನವೆಂಬುದು ಕೊರತೆಯೇ ಆಗಬೇಕಿಲ್ಲ. ಹೊಗೆಯನ್ನು ಅದರ ಪೂರ್ಣ ಬಲದಲ್ಲಿ ಬಯಸುವವರು ಎಳೆಯ ವಿಸ್ಕಿಯನ್ನೇ ಆರಿಸಿಕೊಳ್ಳುತ್ತಾರೆ.

ಬೆಂಗಳೂರಿನ ಹವೆಯ ಪ್ರಭಾವ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿದೆ. ಉತ್ತರದಲ್ಲಿ ಬಳ್ಳಾರಿ ರಸ್ತೆಯ ಹುಣಸಮಾರನಹಳ್ಳಿಯಿಂದ ಹಿಡಿದು ನೈರುತ್ಯದಲ್ಲಿ ಮೈಸೂರು ರಸ್ತೆಯ ಕಂಬಿಪುರದವರೆಗೆ ಹವೆ ಬಹುಮಟ್ಟಿಗೆ ಒಂದೇ ತೆರನಾದುದು. ಇಲ್ಲಿ ಚಳಿಗಾಲದ ರಾತ್ರಿಯೂ ಸ್ಕಾಟ್ಲೆಂಡಿನ ಬೇಸಿಗೆಯ ಹಗಲಿಗೆ ಹತ್ತಿರವಾದಷ್ಟು ಬೆಚ್ಚಗಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಉಷ್ಣತೆ 33ರಿಂದ 36 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ.

ಪೀಪಾಯಿಯಿಂದ ಆವಿಯಾಗಿ ಹೋಗುವ ಮದ್ಯವನ್ನು ‘ದೇವದೂತರ ಪಾಲು’ ಎನ್ನುತ್ತಾರೆ. ಇದು ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2 ಇದ್ದರೆ ಬೆಂಗಳೂರಿನಲ್ಲಿ ಶೇ. 10ರಿಂದ 12ರಷ್ಟಿದೆ. ಇದರ ಪರಿಣಾಮವನ್ನು ಸರಳ ಲೆಕ್ಕದಿಂದ ತಿಳಿಯಬಹುದು. 200 ಲೀಟರ್ ತುಂಬಿದ ಪೀಪಾಯಿಯೊಂದರಲ್ಲಿ ವರ್ಷಕ್ಕೆ ಶೇ. 2ರಷ್ಟು ನಷ್ಟವಾದರೆ 4 ವರ್ಷಗಳ ನಂತರ ಸುಮಾರು 184 ಲೀಟರ್, 8 ವರ್ಷಗಳ ನಂತರ ಸುಮಾರು 170 ಲೀಟರ್ ಉಳಿಯುತ್ತದೆ. ವರ್ಷಕ್ಕೆ ಶೇ. 11ರಷ್ಟು ನಷ್ಟವಾದರೆ 4 ವರ್ಷಗಳಲ್ಲಿ ಸುಮಾರು 125 ಲೀಟರ್, 8 ವರ್ಷಗಳಲ್ಲಿ ಕೇವಲ 79 ಲೀಟರ್ ಉಳಿಯುತ್ತದೆ. ಅಮೃತ್ ಸಂಸ್ಥೆ 2013ರಲ್ಲಿ ಬಿಡುಗಡೆ ಮಾಡಿದ 8 ವರ್ಷದ ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’, ಅಂದರೆ ದುರಾಸೆಯ ದೇವದೂತರು, ಎಂಬ ಹೆಸರಿಟ್ಟದ್ದು ಈ ನಷ್ಟವನ್ನು ನೆನೆದೇ.

ತಂಪು ಮತ್ತು ತೇವದ ಗೋದಾಮಿನಲ್ಲಿ ನೀರಿಗಿಂತ ಮದ್ಯಸಾರ ಹೆಚ್ಚಾಗಿ ಆವಿಯಾಗಿ ವಿಸ್ಕಿಯ ತೀವ್ರತೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಒಣಹವೆಯಲ್ಲಿ ನೀರೇ ಹೆಚ್ಚಾಗಿ ಹೋಗುವುದರಿಂದ ತೀವ್ರತೆ ಇಳಿಯದೆ ನಿಲ್ಲಬಹುದು ಅಥವಾ ಏರಲೂಬಹುದು.

ಬಿಸಿಹವೆಯಲ್ಲಿ ಮರದ ಸಾರ ಬೇಗನೆ ಇಳಿಯುತ್ತದೆ. ಆದರೆ ಮೇಲೆ ಹೇಳಿದ ಮೂರು ಕೆಲಸಗಳೂ ಒಂದೇ ವೇಗದಲ್ಲಿ ಮುಂದುವರಿಯುವುದಿಲ್ಲ. ಕೂಡಿಸುವ ಕೆಲಸ ನಾಲ್ಕು ವರ್ಷಕ್ಕೇ ಮುಗಿದಂತಿದ್ದರೂ ಬದಲಾಯಿಸುವ ಕೆಲಸ ಹಿಂದೆ ಬಿದ್ದಿರಬಹುದು. ಆಗ ವಿಸ್ಕಿ ಬಣ್ಣದಲ್ಲಿ ಹನ್ನೆರಡು ವರ್ಷದ್ದರಂತೆ ಕಂಡರೂ ಬಾಯಿಯಲ್ಲಿ ಹಸಿಯಾಗಿಯೇ ಇರುತ್ತದೆ. ಅತಿಯಾಗಿ ಬಿಟ್ಟರೆ ಮರದ ಕನರು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬಿಸಿನಾಡಿನ ಭಟ್ಟಿಗಾರನಿಗೆ ಪೀಪಾಯಿಯನ್ನು ತೆರೆಯಬೇಕಾದ ಸರಿಯಾದ ಅವಧಿ ಕಿರಿದು. ಆ ಅವಧಿ ಕೈತಪ್ಪಿದೆಯೇ ಇಲ್ಲವೇ ಎಂಬುದನ್ನು ಕಂಡುಹಿಡಿಯುವುದೇ ರುಚಿಪರೀಕ್ಷಕನ ಮುಖ್ಯ ಕೆಲಸ.

ಕರ್ನಾಟಕದ ಪೀಟ್ ವಿಸ್ಕಿಗಳು

ಜೆ. ಎನ್. ರಾಧಾಕೃಷ್ಣರಾವ್ ಜಗದಾಳೆ 1948ರಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ದಶಕಗಳ ಕಾಲ ರಮ್, ಬ್ರಾಂಡಿ ಮತ್ತು ಮಿಶ್ರ ವಿಸ್ಕಿಗಳನ್ನು ತಯಾರಿಸುತ್ತಿತ್ತು. ಅವರ ಮಗ ನೀಲಕಂಠರಾವ್ ಜಗದಾಳೆ ಅವರ ನೇತೃತ್ವದಲ್ಲಿ ಸಂಸ್ಥೆ 2004ರ ಆಗಸ್ಟ್ 24ರಂದು ತನ್ನ ಸಿಂಗಲ್ ಮಾಲ್ಟನ್ನು ಭಾರತದಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಬಿಡುಗಡೆ ಮಾಡಿತು. ಕಾಕಂಬಿಯಿಂದ ತಯಾರಾದ ಮದ್ಯವನ್ನು ಯುರೋಪಿನಲ್ಲಿ ವಿಸ್ಕಿ ಎಂಬ ಹೆಸರಿನಲ್ಲಿ ಮಾರುವಂತಿಲ್ಲ. ಅಲ್ಲಿನ ಮಾರುಕಟ್ಟೆಗೆ ಧಾನ್ಯದಿಂದ ತಯಾರಾಗಿ ಮೂರು ವರ್ಷ ಮಾಗಿದ ಭಾರತೀಯ ವಿಸ್ಕಿಯೊಂದು ಬಂದದ್ದು ಆ ದೃಷ್ಟಿಯಿಂದಲೂ ಗಮನಾರ್ಹವಾಗಿತ್ತು.

ಸಂಸ್ಥೆಯ ಸಾದಾ ಸಿಂಗಲ್ ಮಾಲ್ಟ್‌ಗೆ ಉತ್ತರ ಭಾರತದ ಬಾರ್ಲಿ ಬಳಕೆಯಾಗುತ್ತದೆ. ಪೀಟ್ ಹೊಗೆಯ ಮಾಲ್ಟನ್ನು ಸ್ಕಾಟ್ಲೆಂಡಿನಿಂದ ತರಿಸಿ ಕಂಬಿಪುರದಲ್ಲಿ ಹುದುಗಿಸಿ, ಬಟ್ಟಿ ಇಳಿಸಿ, ಮಾಗಿಸುತ್ತಾರೆ. ‘ಅಮೃತ್ ಪೀಟೆಡ್’ ಶೇ. 46ರ ಮದ್ಯಸಾರದಲ್ಲಿಯೂ, ಪೀಪಾಯಿಯ ತೀವ್ರತೆಯ ಆವೃತ್ತಿ ಶೇ. 62.8ರಲ್ಲಿಯೂ ಬಾಟಲಿಗೆ ಬಂದಿವೆ. ಇವುಗಳ ಚೀಟಿಯಲ್ಲಿ ವಯಸ್ಸಿನ ನಮೂದಿಲ್ಲ.

ಭಾರತದ ಹೊಗೆರಹಿತ ಮಾಲ್ಟ್ ಮತ್ತು ಸ್ಕಾಟ್ಲೆಂಡಿನ ಪೀಟ್ ಮಾಲ್ಟ್‌ಗಳಿಂದಾದ ವಿಸ್ಕಿಗಳನ್ನು ಬೇರೆಬೇರೆಯಾಗಿ ಮಾಗಿಸಿ ನಂತರ ಕೂಡಿಸಿದ ‘ಅಮೃತ್ ಫ್ಯೂಶನ್’ ಶೇ. 50ರ ತೀವ್ರತೆಯದು. ಅದರಲ್ಲಿ ಪೀಟ್ ಮಾಲ್ಟ್‌ನ ಪಾಲು ನಾಲ್ಕನೇ ಒಂದರಷ್ಟು. ವಿಮರ್ಶಕ ಜಿಮ್ ಮರ್ರೆ ತಮ್ಮ ‘ವಿಸ್ಕಿ ಬೈಬಲ್’ನ 2010ರ ಆವೃತ್ತಿಯಲ್ಲಿ ಇದಕ್ಕೆ 97 ಅಂಕ ನೀಡಿ ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದು ಹೆಸರಿಸಿದರು. ವಯಸ್ಸನ್ನೇ ನಮೂದಿಸದ ವಿಸ್ಕಿಯೊಂದಕ್ಕೆ ದೊರೆತ ಈ ಸ್ಥಾನವು ವಯಸ್ಸು ಮತ್ತು ಗುಣಮಟ್ಟದ ಸಂಬಂಧದ ಬಗ್ಗೆ ಚರ್ಚೆಗೆ ಇಂಬು ನೀಡಿತು.

ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಜಾನ್ ಡಿಸ್ಟಿಲರೀಸ್ ತನ್ನ ಪಾಲ್ ಜಾನ್ ಸಿಂಗಲ್ ಮಾಲ್ಟನ್ನು ಗೋವಾದಲ್ಲಿ ತಯಾರಿಸುತ್ತದೆ. ಅದರ ‘ಎಡಿಟೆಡ್’ ಲಘು ಹೊಗೆಯದು, ‘ಬೋಲ್ಡ್’ ದಟ್ಟ ಹೊಗೆಯದು. ಎರಡೂ ಶೇ. 46ರ ತೀವ್ರತೆಯವು. ಕರಾವಳಿಯ ತೇವ ಮತ್ತು ಪ್ರಸ್ಥಭೂಮಿಯ ಒಣಹವೆಗಳಲ್ಲಿ ಮಾಗಿದ ಪೀಟ್ ವಿಸ್ಕಿಗಳನ್ನು ಹೋಲಿಸಲು ಇವು ಉಪಯುಕ್ತ.

ರುಚಿಪರೀಕ್ಷೆಯ ಕ್ರಮ

ಸಿದ್ಧತೆ

ತಳ ಅಗಲವಾಗಿದ್ದು ಬಾಯಿ ಕಿರಿದಾಗಿರುವ, ಮೊಗ್ಗಿನಾಕಾರದ ಲೋಟ ಸೂಕ್ತ. 2001ರಲ್ಲಿ ಬಳಕೆಗೆ ಬಂದ ಗ್ಲೆನ್‌ಕೇರ್ನ್ ಲೋಟ ಈ ಆಕಾರದ್ದು. ಅಗಲ ಬಾಯಿಯ ಸಾಮಾನ್ಯ ಲೋಟದಲ್ಲಿ ಪರಿಮಳ ನಿಲ್ಲದೆ ಚದುರಿಹೋಗುತ್ತದೆ. ಪ್ರತಿ ಮಾದರಿಗೆ 15ರಿಂದ 20 ಮಿ.ಲೀ. ಸಾಕು.

ಪಾಶ್ಚಾತ್ಯ ಕೈಪಿಡಿಗಳು ‘ಕೋಣೆಯ ಉಷ್ಣತೆ’ಯಲ್ಲಿ ಪರೀಕ್ಷಿಸಬೇಕೆನ್ನುತ್ತವೆ. ಅವು ಹೇಳುವುದು 20 ಡಿಗ್ರಿಯ ಆಸುಪಾಸಿನ ಉಷ್ಣತೆಯನ್ನು. ಬೇಸಿಗೆಯಲ್ಲಿ ಹುಣಸಮಾರನಹಳ್ಳಿಯಂಥ ಊರಿನ ತಾರಸಿ ಮನೆಯ ಮೇಲಂತಸ್ತಿನ ಕೋಣೆ ಮಧ್ಯಾಹ್ನ ಅದಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ಬಿಸಿಯಾಗಿರಬಲ್ಲದು. ಆ ಬಿಸಿಯಲ್ಲಿ ಮದ್ಯಸಾರದ ಘಾಟು ಮುಂದಾಗಿ, ಸರಿಯಾಗಿ ಮಾಗಿದ ವಿಸ್ಕಿಯೂ ಎಳಸಾಗಿ ತೋರುತ್ತದೆ. ಬೆಳಗಿನ ತಂಪು ಹೊತ್ತು ಉತ್ತಮ. ಮೂಗು ಹಾಗೂ ನಾಲಿಗೆ ದಣಿಯದ ಆ ಹೊತ್ತನ್ನೇ ವೃತ್ತಿಪರ ಪರೀಕ್ಷಕರೂ ಆರಿಸಿಕೊಳ್ಳುತ್ತಾರೆ. ಊದುಬತ್ತಿ, ಸಾಂಬ್ರಾಣಿ, ಒಗ್ಗರಣೆಯ ವಾಸನೆಯಿರುವ ಕೋಣೆಯಲ್ಲಿ ಹೊಗೆಯ ವಿಸ್ಕಿಯನ್ನು ಪರೀಕ್ಷಿಸಬಾರದು.

ಹಲವು ಮಾದರಿಗಳಿದ್ದರೆ ಹೊಗೆಯಿಲ್ಲದವು ಮೊದಲು, ದಟ್ಟ ಹೊಗೆಯವು ಕೊನೆಗೆ. ಕಡಿಮೆ ತೀವ್ರತೆಯವು ಮೊದಲು, ಹೆಚ್ಚಿನವು ನಂತರ. ಹೊಗೆಗೆ ಮೂಗು ಬೇಗ ಒಗ್ಗಿಕೊಳ್ಳುವುದರಿಂದ ಕ್ರಮ ತಪ್ಪಿದರೆ ಮುಂದಿನ ಲೋಟಗಳು ಸಪ್ಪೆಯಾಗಿ ತೋರುತ್ತವೆ.

ಬಣ್ಣ

ಬಣ್ಣದಿಂದ ಪೀಪಾಯಿಯ ಬಗ್ಗೆ ಸುಳಿವು ಸಿಗಬಹುದು, ವಯಸ್ಸಿನ ಬಗ್ಗೆ ಅಲ್ಲ. ಸ್ಕಾಚ್‌ಗೆ ಸುಟ್ಟ ಸಕ್ಕರೆಯ ಬಣ್ಣ ಬೆರೆಸಲು ನಿಯಮದಲ್ಲಿ ಅವಕಾಶವಿದೆ. ಬಿಸಿನಾಡಿನ ವಿಸ್ಕಿಯಂತೂ ಬಣ್ಣ ಬೆರೆಸದಿದ್ದರೂ ಕೆಲವೇ ವರ್ಷಗಳಲ್ಲಿ ಗಾಢವಾಗುತ್ತದೆ. ಆದ್ದರಿಂದ ಬಣ್ಣಕ್ಕೆ ಅಂಕ ನೀಡದಿರುವುದೇ ಲೇಸು.

ಮೂಸುವುದು

ಲೋಟವನ್ನು ಮೂಗಿನಿಂದ ತುಸು ದೂರದಲ್ಲಿ, ಎದೆಯ ಮಟ್ಟದಲ್ಲಿ ಹಿಡಿದು ನಿಧಾನವಾಗಿ ಮೇಲೆ ತರಬೇಕು. ದ್ರಾಕ್ಷಾರಸದಂತೆ ಜೋರಾಗಿ ಸುತ್ತಿಸಿದರೆ ಮದ್ಯಸಾರ ಮೂಗನ್ನು ಸುಡುತ್ತದೆ. ಬಾಯಿಯನ್ನು ತುಸು ತೆರೆದು ಉಸಿರೆಳೆದರೆ ಘಾಟು ಕಡಿಮೆಯಾಗುತ್ತದೆ. ಮೊದಲ ಉಸಿರಿಗೆ ಹೊಗೆಯೊಂದೇ ಸಿಗುತ್ತದೆ. ಲೋಟವನ್ನು ಬದಿಗಿರಿಸಿ ಒಂದೆರಡು ನಿಮಿಷ ಶುದ್ಧ ಗಾಳಿ ತೆಗೆದುಕೊಂಡು ಮತ್ತೆ ಮೂಸಿದಾಗ ಹೊಗೆಯ ಹಿಂದಿನ ಧಾನ್ಯ, ಹಣ್ಣು, ಮರಗಳು ಬಿಡಿಬಿಡಿಯಾಗಿ ತಿಳಿಯುತ್ತವೆ. ಹತ್ತು ಹದಿನೈದು ನಿಮಿಷ ತಾಳುವುದು ಎಳೆಯ ಪೀಟ್ ವಿಸ್ಕಿಗೆ ಅತ್ಯಗತ್ಯ.

ನೀರು ಬೆರೆಸುವುದು

ನೀರು ಬೆರೆಸುವುದರಿಂದ ವಿಸ್ಕಿ ಕೆಡುತ್ತದೆಂಬ ನಂಬಿಕೆ ಪೀಟ್ ವಿಸ್ಕಿಯ ವಿಷಯದಲ್ಲಿ ಸರಿಯಲ್ಲ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಅನುಕರಣೆಯ ಅಧ್ಯಯನದಲ್ಲಿ ಗ್ವಾಯಕಾಲ್ ಅಣುಗಳ ವರ್ತನೆಯನ್ನು ಪರಿಶೀಲಿಸಿದರು. ಮದ್ಯಸಾರ ಶೇ. 45 ಅಥವಾ ಅದಕ್ಕಿಂತ ಕಡಿಮೆಯಿದ್ದಾಗ ಈ ಅಣುಗಳು ದ್ರವದ ಮೇಲ್ಮೈ ಬಳಿ ಸೇರುತ್ತವೆ, ಶೇ. 59ಕ್ಕಿಂತ ಹೆಚ್ಚಿದ್ದಾಗ ಮದ್ಯಸಾರದ ಅಣುಗಳಿಂದ ಸುತ್ತುವರಿಯಲ್ಪಟ್ಟು ಒಳಗೇ ಉಳಿಯುತ್ತವೆ. ಪೀಪಾಯಿಯ ತೀವ್ರತೆಯ ವಿಸ್ಕಿಗೆ ನೀರು ಬೆರೆಸಿದಾಗ ಹೊಗೆಯ ಪರಿಮಳ ಅರಳುವುದಕ್ಕೆ ಇದೊಂದು ವಿವರಣೆ.

ಲೆಕ್ಕ ಸುಲಭ. ಶೇ. 62.8ರ 30 ಮಿ.ಲೀ. ವಿಸ್ಕಿಯನ್ನು ಶೇ. 46ಕ್ಕೆ ಇಳಿಸಲು ಸುಮಾರು 11 ಮಿ.ಲೀ. ನೀರು ಬೇಕು. ದೋಷಗಳನ್ನು ಹುಡುಕಬೇಕಾದಾಗ ಮಿಶ್ರಣಕಾರರು ವಿಸ್ಕಿಯನ್ನು ಶೇ. 20ರವರೆಗೂ ತೆಳುಗೊಳಿಸಿ ಮೂಸುತ್ತಾರೆ. ಶೇ. 46ರ 30 ಮಿ.ಲೀ.ಗೆ 39 ಮಿ.ಲೀ. ನೀರು ಬೆರೆಸಿದರೆ ಈ ಮಟ್ಟ ಸಿಗುತ್ತದೆ. ಘಾಟಿನ ಮರೆ ತಪ್ಪಿದಾಗ ಹಸಿ ಹಿಟ್ಟು, ಗಂಧಕ, ಬೆವರಿನ ವಾಸನೆಗಳು ಅಡಗಿರಲಾರವು. ಕ್ಲೋರಿನ್ ವಾಸನೆಯ ನಲ್ಲಿ ನೀರೂ ಉಪ್ಪಿನಂಶದ ಕೊಳವೆಬಾವಿ ನೀರೂ ಇದಕ್ಕೆ ತಕ್ಕವಲ್ಲ. ಮಂಜುಗಡ್ಡೆ ಪರಿಮಳವನ್ನು ಅದುಮುವುದರಿಂದ ಪರೀಕ್ಷೆಯಲ್ಲಿ ಅದನ್ನು ಬಳಸುವುದಿಲ್ಲ.

ಬಾಯಿ ಮತ್ತು ಉಳಿರುಚಿ

ಸಣ್ಣ ಗುಟುಕನ್ನು ನಾಲಿಗೆಯ ಮೇಲೆಲ್ಲ ಹರಡುವಂತೆ ಕೆಲವು ಕ್ಷಣ ಹಿಡಿಯಬೇಕು. ಸಿಹಿ, ಹುಳಿ, ಕಹಿ, ಒಗರುಗಳ ಜೊತೆಗೆ ದ್ರವದ ಮೈಕಟ್ಟು ತೆಳುವೋ ಎಣ್ಣೆಯಂತೆ ಜಿಗುಟೋ ಎಂಬುದನ್ನು ಗಮನಿಸಬೇಕು. ನುಂಗಿದ ಅಥವಾ ಉಗುಳಿದ ನಂತರ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟಾಗ ಹೊಗೆ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. ಒಳ್ಳೆಯ ಪೀಟ್ ವಿಸ್ಕಿಯ ಉಳಿರುಚಿಯಲ್ಲಿ ಹೊಗೆಯ ಜೊತೆ ಧಾನ್ಯದ ಸಿಹಿಯೂ ನಿಲ್ಲುತ್ತದೆ. ಸಿಹಿ ಮೊದಲೇ ಮಾಯವಾಗಿ ಬರಿಯ ಬೂದಿಯ ಕಹಿ ಉಳಿದರೆ ಅದು ಕೊರತೆ.

ಮೌಲ್ಯಮಾಪನ

ಎಳೆಯ ಪೀಟ್ ವಿಸ್ಕಿಯನ್ನು ಅಳೆಯುವಾಗ ಹೊಗೆ, ಮರ ಮತ್ತು ಮೂಲ ಮದ್ಯ ಈ ಮೂರನ್ನೂ ಬೇರೆಬೇರೆಯಾಗಿ ವಿಚಾರಿಸಿ ಆನಂತರವೇ ಒಟ್ಟು ಸಮತೋಲನವನ್ನು ನಿರ್ಣಯಿಸಬೇಕು. ಒಟ್ಟಾರೆ ಅನಿಸಿಕೆಯಿಂದ ಆರಂಭಿಸಿದರೆ ಹೊಗೆಯೇ ತೀರ್ಪು ಕೊಟ್ಟುಬಿಡುತ್ತದೆ.

ಹೊಗೆ: ಅದು ಸೌದೆಯದೇ, ಡಾಂಬರಿನದೇ, ಕ್ರಿಮಿನಾಶಕದ್ದೇ, ಹಸಿಮಣ್ಣಿನದೇ? ಮೂಸಿದಾಗಿನಿಂದ ಉಳಿರುಚಿಯವರೆಗೆ ಬದಲಾಗುತ್ತದೆಯೇ ಅಥವಾ ಒಂದೇ ಸ್ವರದಲ್ಲಿ ನಿಲ್ಲುತ್ತದೆಯೇ? ಪ್ರಮಾಣಕ್ಕಿಂತ ಬಗೆಗಳು ಮುಖ್ಯ. ಸುಟ್ಟ ಓಕ್ ಮರದಿಂದಲೂ ಸ್ವಲ್ಪ ಗ್ವಾಯಕಾಲ್ ಬರುವುದರಿಂದ ಹೊಗೆಯೆಲ್ಲವೂ ಪೀಟ್‌ನದೇ ಎಂದು ಭಾವಿಸಬಾರದು.

ಮರ: ವೆನಿಲ್ಲಾ, ಕೊಬ್ಬರಿ, ಲವಂಗಗಳು ಹಿತವಾಗಿವೆಯೇ? ಒಸಡು ಬಿಗಿಯುವ ಒಗರು, ಕಡುಚಹಾದ ಕಹಿ, ಗರಗಸದ ಪುಡಿಯ ವಾಸನೆಗಳು ಪೀಪಾಯಿಯಲ್ಲಿ ಅತಿಯಾಗಿ ಇಟ್ಟುದರ ಅಥವಾ ತೀರ ಹೊಸ ಮರ ಬಳಸಿದ್ದರ ಕುರುಹುಗಳು.

ಮೂಲ ಮದ್ಯ: ಪೇರು ಹಣ್ಣು, ಹಸಿರು ಸೇಬು, ಬಾಳೆಹಣ್ಣಿನ ಪರಿಮಳಗಳು ಎಳೆತನದ ಸಹಜ ಲಕ್ಷಣಗಳು, ಇವು ದೋಷವಲ್ಲ. ಹಸಿ ಹಿಟ್ಟು, ಬೇಯಿಸಿದ ಎಲೆಕೋಸು, ಸುಟ್ಟ ರಬ್ಬರ್, ಸ್ಪಿರಿಟ್‌ನಂಥ ಉರಿ ಕಂಡುಬಂದರೆ ಅದು ಎಳಸುತನ.

ಎಳೆತನ ಮತ್ತು ಎಳಸುತನಗಳ ನಡುವಿನ ಈ ಭೇದವೇ ಮೌಲ್ಯಮಾಪನದ ತಿರುಳು. ಎಳೆನೀರು ಬಲಿತ ತೆಂಗಿನಕಾಯಿಗಿಂತ ಕೀಳಲ್ಲ, ಬೇರೆ. ಆದರೆ ನೀರು ತುಂಬುವ ಮೊದಲೇ ಕೊಯ್ದ ಕಾಯಿ ಯಾವುದಕ್ಕೂ ಬಾರದು. ಹಾಗೆಯೇ ವಿಸ್ಕಿಯ ಚುರುಕು, ಹಣ್ಣು, ಹೊಗೆಗಳು ಒಂದಕ್ಕೊಂದು ಹೊಂದಿಕೊಂಡಿದ್ದರೆ ಅದು ಎಳೆಯದಾದರೂ ಪೂರ್ಣ. ಹೊಗೆಯನ್ನು ಮನಸ್ಸಿನಲ್ಲೇ ಬದಿಗೆ ಸರಿಸಿದಾಗ ಉಳಿಯುವುದು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆಗೆ ಹೌದೆಂಬ ಉತ್ತರ ಬರಬೇಕು.

ಪರಿಮಳದ ಶಬ್ದಕೋಶ

ಎಡಿನ್‌ಬರೋದ ಪೆಂಟ್‌ಲ್ಯಾಂಡ್ಸ್ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಪರಿಮಳ ಚಕ್ರವು ವಿಸ್ಕಿಯ ವಾಸನೆಗಳನ್ನು ಗುಂಪುಗಳಾಗಿ ವಿಂಗಡಿಸುತ್ತದೆ. ಅದರಲ್ಲಿ ಪೀಟ್‌ನ ಗುಂಪೂ, ಬಟ್ಟಿಯ ಕೊನೆಯ ಭಾಗದಿಂದ ಬರುವ ಭಾರವಾದ ವಾಸನೆಗಳ ಗುಂಪೂ ಪ್ರತ್ಯೇಕವಾಗಿವೆ. ಆದರೆ ಐಲಾ ವಿಸ್ಕಿಗಳ ವರ್ಣನೆಯಲ್ಲಿ ಮತ್ತೆಮತ್ತೆ ಬರುವ ಕಡಲಪಾಚಿ, ಹೊಗೆಯಾಡಿಸಿದ ಹೆರಿಂಗ್ ಮೀನು, ಹೆದರ್ ಹೂಗಳನ್ನು ಎಂದೂ ಮೂಸದವರಿಗೆ ಆ ಪದಗಳಿಂದ ಪ್ರಯೋಜನವಿಲ್ಲ. ಪರೀಕ್ಷಕನ ಟಿಪ್ಪಣಿ ಅವನ ನೆನಪಿನಲ್ಲಿರುವ ವಾಸನೆಗಳನ್ನು ಆಧರಿಸಿದಾಗ ಮಾತ್ರ ಮುಂದಿನ ಬಾರಿಗೆ ಉಪಯೋಗಕ್ಕೆ ಬರುತ್ತದೆ.

ಕನ್ನಡನಾಡಿನ ಮನೆ ಮತ್ತು ಹೊಲಗಳಲ್ಲಿ ಹೊಗೆಯ ವಾಸನೆಗೆ ಬರವಿಲ್ಲ. ಬಚ್ಚಲೊಲೆಯಲ್ಲಿ ತೆಂಗಿನ ಮಟ್ಟೆ ಉರಿಯುವ ಹೊಗೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲದ ಪಾಕಕ್ಕೆ ತಗುಲಿದ ಹೊಗೆ, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆ, ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಉಪ್ಪಾಗೆ ಹುಳಿ, ಸುಟ್ಟ ಮುಸುಕಿನ ಜೋಳ, ರಸ್ತೆಗೆ ಹಾಕುವ ಬಿಸಿ ಡಾಂಬರು, ಮೊದಲ ಮಳೆಯ ಮಣ್ಣು, ಇವೆಲ್ಲ ಒಂದೊಂದೂ ಬೇರೆಯೇ ಹೊಗೆ ಅಥವಾ ಮಣ್ಣಿನ ಗುಣವನ್ನು ಸೂಚಿಸಬಲ್ಲವು. ದೋಷಗಳನ್ನು ಹೇಳಲು ಕಮಟು, ಸೀಕಲು, ಕನರು, ಒಗರು, ಘಾಟು ಎಂಬ ಪದಗಳು ಸಾಕಷ್ಟು ನಿಖರವಾಗಿವೆ.

ಹೋಲಿಕೆ ಮತ್ತು ಮುಚ್ಚುಪರೀಕ್ಷೆ

ಹೊಗೆಯ ಮರೆಯನ್ನು ಸರಿಸಲು ಅತ್ಯಂತ ಸರಳ ಉಪಾಯವೆಂದರೆ ಒಂದೇ ಭಟ್ಟಿಯ ಹೊಗೆಸಹಿತ ಮತ್ತು ಹೊಗೆರಹಿತ ವಿಸ್ಕಿಗಳನ್ನು ಒಂದೇ ತೀವ್ರತೆಯಲ್ಲಿ ಅಕ್ಕಪಕ್ಕ ಇಟ್ಟು ಪರೀಕ್ಷಿಸುವುದು. ಎರಡರಲ್ಲೂ ಸಮಾನವಾಗಿ ಕಾಣುವುದು ಬಹುಮಟ್ಟಿಗೆ ಮೂಲ ಮದ್ಯ ಮತ್ತು ಪೀಪಾಯಿಯ ಗುಣ. ಒಂದರಲ್ಲಿ ಮಾತ್ರ ಕಾಣುವುದು ಪೀಟ್‌ನ ಕೊಡುಗೆ.

ಪರೀಕ್ಷಕನ ಸ್ವಂತ ನಿಖರತೆಯನ್ನು ತಿಳಿಯಲು ತ್ರಿಕೋನ ಪರೀಕ್ಷೆ ಬಳಕೆಯಲ್ಲಿದೆ. ಮೂರು ಲೋಟಗಳ ಪೈಕಿ ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆಯದನ್ನು ಇನ್ನೊಬ್ಬರು ಸುರಿದು ಕೊಡುತ್ತಾರೆ. ಬೇರೆಯದನ್ನು ಗುರುತಿಸಬೇಕು. ಬರಿಯ ಊಹೆಯಿಂದಲೇ ಮೂರರಲ್ಲೊಂದು ಬಾರಿ ಉತ್ತರ ಸರಿಯಾಗುವುದರಿಂದ ಪರೀಕ್ಷೆಯನ್ನು ಹಲವು ಬಾರಿ ಪುನರಾವರ್ತಿಸಬೇಕು. ಬಾಟಲಿಯ ಹೆಸರು, ಬೆಲೆ, ವಯಸ್ಸು, ದೇಶಗಳು ಗೊತ್ತಿದ್ದಾಗ ತೀರ್ಪು ಅವುಗಳತ್ತ ವಾಲುತ್ತದೆ. ಭಾರತೀಯ ವಿಸ್ಕಿಯ ವಿಷಯದಲ್ಲಿ ಈ ವಾಲಿಕೆ ಎರಡೂ ಕಡೆಗಿರಬಹುದು: ಒಂದೆಡೆ ವಿದೇಶದ ಮಾಲಿನ ಮೇಲಿನ ವ್ಯಾಮೋಹ, ಇನ್ನೊಂದೆಡೆ ನಮ್ಮೂರಿನದೆಂಬ ಅಭಿಮಾನ. ಮುಚ್ಚುಪರೀಕ್ಷೆ ಇವೆರಡನ್ನೂ ದೂರವಿಡುತ್ತದೆ.

ಅಂಕ ನೀಡುವ ಪದ್ಧತಿಗಳಲ್ಲಿ ಜಿಮ್ ಮರ್ರೆಯವರದು ಪರಿಮಳ, ರುಚಿ, ಉಳಿರುಚಿ, ಸಮತೋಲನಗಳಿಗೆ ತಲಾ 25ರಂತೆ ಒಟ್ಟು 100 ಅಂಕಗಳದ್ದು. ಯಾವ ಪದ್ಧತಿಯಾದರೂ ಅಂಕದ ಜೊತೆ ಕಾರಣವನ್ನು ಬರೆಯದಿದ್ದರೆ ಅದು ಓದುಗನಿಗೆ ನೆರವಾಗುವುದಿಲ್ಲ.

ವಯಸ್ಸಿನ ನಮೂದು

ಸ್ಕಾಚ್ ನಿಯಮದಂತೆ ಬಾಟಲಿಯ ಮೇಲೆ ಬರೆಯುವ ವಯಸ್ಸು ಅದರಲ್ಲಿರುವ ಅತ್ಯಂತ ಎಳೆಯ ವಿಸ್ಕಿಯದಾಗಿರಬೇಕು. ಈ ಸಂಖ್ಯೆ ಕೊಳ್ಳುವವರಿಗೆ ಒಂದು ಭರವಸೆ. ಬೆಲೆಯೂ ಬಹುಮಟ್ಟಿಗೆ ಅದನ್ನೇ ಅನುಸರಿಸುತ್ತದೆ. ವಯಸ್ಸನ್ನು ನಮೂದಿಸದಿರುವುದು ಎಳಸು ಮದ್ಯವನ್ನು ದುಬಾರಿಗೆ ಮಾರುವ ಉಪಾಯವೆಂಬ ಟೀಕೆಯಿದೆ. ಕೆಲವು ಬಾಟಲಿಗಳ ಮಟ್ಟಿಗೆ ಈ ಅನುಮಾನ ನ್ಯಾಯವಾದದ್ದೇ. ಆದರೆ ನಾಲ್ಕು ವರ್ಷಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಗಾಳಿಗೆ ತೆತ್ತ ಪೀಪಾಯಿಯ ವಿಸ್ಕಿಯನ್ನೂ, ತಂಪು ನಾಡಿನಲ್ಲಿ ಅಷ್ಟೇ ಕಾಲ ಕಳೆದದ್ದನ್ನೂ ‘4’ ಎಂಬ ಒಂದೇ ಅಂಕೆಯಿಂದ ಸೂಚಿಸಿದರೆ ಕೊಳ್ಳುವವರಿಗೆ ಸತ್ಯ ತಿಳಿದಂತಾಗುವುದಿಲ್ಲ. ಅಂಕೆಯಿದ್ದರೂ ಇಲ್ಲದಿದ್ದರೂ ಲೋಟದಲ್ಲಿರುವುದನ್ನು ಪರೀಕ್ಷಿಸುವ ಕೆಲಸ ತಪ್ಪಿದ್ದಲ್ಲ.

ಸಂಗ್ರಹ ಮತ್ತು ಎಚ್ಚರಿಕೆ

ಬಾಟಲಿಗೆ ಇಳಿದ ಮೇಲೆ ವಿಸ್ಕಿ ಮಾಗುವುದಿಲ್ಲ. ಐದು ವರ್ಷದ ವಿಸ್ಕಿಯನ್ನು ಬೀರುವಿನಲ್ಲಿ ಇನ್ನೈದು ವರ್ಷ ಇಟ್ಟರೆ ಅದು ಹತ್ತು ವರ್ಷದ್ದಾಗದು. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ತಂಪು ಜಾಗದಲ್ಲಿಡಬೇಕು. ಅಡ್ಡ ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ಹಾಳುಮಾಡುತ್ತದೆ. ತೆರೆದು ಅರ್ಧಕ್ಕಿಂತ ಕಡಿಮೆಯಾದ ಬಾಟಲಿಯಲ್ಲಿ ಗಾಳಿ ಹೆಚ್ಚಾಗಿ ಹೊಗೆಯ ಚುರುಕು ತಿಂಗಳುಗಳಲ್ಲಿ ಕುಂದುತ್ತದೆ. ಪರೀಕ್ಷೆಯ ಮಾದರಿಯನ್ನು ಸಣ್ಣ ಸೀಸೆಗೆ ಕಂಠಪೂರ್ತಿ ತುಂಬಿಡುವುದು ಇದಕ್ಕೆ ಪರಿಹಾರ.

ವೃತ್ತಿಪರ ಪರೀಕ್ಷಕರು ಹೆಚ್ಚಿನ ಕೆಲಸವನ್ನು ಮೂಗಿನಿಂದಲೇ ಮುಗಿಸಿ, ಬಾಯಿಗೆ ಹಾಕಿದ್ದನ್ನು ಉಗುಳುತ್ತಾರೆ. ಉಗುಳಿದರೂ ಸ್ವಲ್ಪ ಮದ್ಯಸಾರ ದೇಹಕ್ಕೆ ಸೇರುವುದರಿಂದ ಪರೀಕ್ಷೆಯ ನಂತರ ವಾಹನ ಚಲಾಯಿಸಬಾರದು. ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಗರ್ಭಿಣಿಯರು, ಯಕೃತ್ತಿನ ತೊಂದರೆಯಿರುವವರು ಹಾಗೂ ಮದ್ಯವ್ಯಸನದಿಂದ ಹೊರಬಂದವರು ಇಂಥ ಪರೀಕ್ಷೆಗಳಿಂದ ದೂರವಿರಬೇಕು.